ಮನೆಯ ಶಕ್ತಿಯ ಜಮಾ-ಖರ್ಚು



ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೋಗುವ ರೈಲುಹಾದಿಯಲ್ಲಿ ದೇಸೂರವು ಒಂದು ಸಣ್ಣ ನಿಲ್ದಾಣ. ಮಳೆಗಾಲದ ಮುಂಜಾನೆಯಲ್ಲಿ ಅಲ್ಲಿ ನಿಂತು ನೋಡುವವರಿಗೆ ಏನೇನು ಕಾಣುವದು? ಭತ್ತದ ಗದ್ದೆಯಲ್ಲಿ ನೀರು, ನೀರಿನಲ್ಲಿ ಕಪ್ಪೆ, ಬದುವಿನ ಮೇಲೆ ಮೇಯುವ ಎಮ್ಮೆ, ಹೆಂಚಿನ ಸಂದಿನಿಂದ ಏಳುವ ಹೊಗೆ, ತಲೆಯ ಮೇಲೆ ಕಟ್ಟಿಗೆಯ ಹೊರೆ ಹೊತ್ತು ಬರುವ ಹೆಣ್ಣುಮಗಳು, ಪಾಟಿಚೀಲ ಹಾಕಿಕೊಂಡು ಓಡುವ ಹುಡುಗಿ. ಇವೆಲ್ಲ ಬೇರೆ ಬೇರೆ ಸಂಗತಿಗಳೆಂದು ನಮಗೆ ತೋರುವವು. ಕಪ್ಪೆಯನ್ನು ಜೀವಶಾಸ್ತ್ರದ ತಾಸಿನಲ್ಲಿಯೂ ಮಳೆಯನ್ನು ಭೂಗೋಲದ ತಾಸಿನಲ್ಲಿಯೂ ಒಲೆಯನ್ನು ಗೃಹವಿಜ್ಞಾನದ ತಾಸಿನಲ್ಲಿಯೂ ನಾವು ಕಲಿಸುತ್ತ ಬಂದಿದ್ದೇವೆ. ಕಟ್ಟಿಗೆ ಹೊತ್ತವಳ ವಿಷಯವು ಮಾತ್ರ ಯಾವ ತಾಸಿನಲ್ಲಿಯೂ ಬರುವದಿಲ್ಲ. ಆದರೆ ಇವೆಲ್ಲವನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆಯಲು ಸಾಧ್ಯವುಂಟು. ಅದು ಶಕ್ತಿಯ ಲೆಕ್ಕವು. ಈ ಲೆಕ್ಕವನ್ನು ನಾವು ಪುಸ್ತಕಗಳಿಂದ ಕಲಿತೆವು. ಅದರ ಅರ್ಥವನ್ನು ಮಾತ್ರ ನಮ್ಮ ವಿದ್ಯಾರ್ಥಿನಿಯೊಬ್ಬಳಿಂದ ತಿಳಿದುಕೊಂಡೆವು. ಆಕೆಯ ಸಂಗತಿಯನ್ನು ಕಡೆಗೆ ಹೇಳುವೆವು, ಮೊದಲು ಪಾಠವಾಗಲಿ.

ಶಕ್ತಿಯೆಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಅರ್ಥಗಳು ಬಹಳ. ದೇವಿಗೂ ಶಕ್ತಿಯೆನ್ನುವರು, ಪೈಲವಾನನ ತೋಳಿನಲ್ಲಿಯೂ ಶಕ್ತಿಯುಂಟೆನ್ನುವರು. ಹರಳು-ಬಳೆಗಳಲ್ಲಿ ಗುಪ್ತಶಕ್ತಿಯುಂಟೆಂದು ಹೇಳಿ ರೊಕ್ಕ ಕೀಳುವವರೂ ಇದ್ದಾರೆ. ನಾವಿಲ್ಲಿ ಹೇಳುವದು ಅಳತೆಗೆ ಸಿಗುವ ಶಕ್ತಿಯನ್ನು ಮಾತ್ರ. ಒಂದು ಲೀಟರು ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ಸಿನಷ್ಟು ಕಾಯಿಸಲು ಬೇಕಾಗುವ ಶಾಖಕ್ಕೆ ಒಂದು ಕಿಲೋಕ್ಯಾಲರಿ ಎನ್ನುವರು. ಅನ್ನದಲ್ಲಿರುವದನ್ನೂ ಕಟ್ಟಿಗೆಯಲ್ಲಿರುವದನ್ನೂ ಎತ್ತು ಎಳೆದ ಕೆಲಸವನ್ನೂ ಇದೇ ಮಾಪಿನಿಂದ ಅಳೆಯಬಹುದು.

ಈ ಶಕ್ತಿಗೆ ಎರಡು ನಿಯಮಗಳುಂಟು. ಅದು ಹೊಸದಾಗಿ ಹುಟ್ಟುವದಿಲ್ಲ, ನಾಶವಾಗುವದೂ ಇಲ್ಲ. ರೂಪವನ್ನು ಮಾತ್ರ ಬದಲಿಸುವದು. ಇದು ಮೊದಲನೆಯ ನಿಯಮ. ಹಾಗೆ ರೂಪ ಬದಲಿಸುವಾಗಲೆಲ್ಲ ಅದರ ಒಂದು ಪಾಲು ತಿರುಗಿ ಕೆಲಸಕ್ಕೆ ಬಾರದ ಶಾಖವಾಗಿ ಚದರಿ ಹೋಗುವದು. ಇದು ಎರಡನೆಯದು. ಅಂಗಡಿಯ ಮಾತಿನಲ್ಲಿ ಹೇಳುವದಾದರೆ, ಜಮಾ-ಖರ್ಚು ತಾಳೆಯಾಗಲೇಬೇಕೆಂದು ಮೊದಲನೆಯದು ಹೇಳುವದು. ಪ್ರತಿಯೊಂದು ವ್ಯವಹಾರದಲ್ಲಿಯೂ ದಲಾಲಿ ಹೋಗಿಯೇ ಹೋಗುವದೆಂದು ಎರಡನೆಯದು ಹೇಳುವದು.

ಈ ನಿಯಮಗಳಿಂದ ಒಂದು ಕೆರೆಯ ಜೀವನವನ್ನೇ ಅಳೆಯಬಹುದೆಂದು ತೋರಿಸಿಕೊಟ್ಟವನು ರೇಮಂಡ್ ಲಿಂಡ್‌ಮನ್ ಎಂಬ ತರುಣ ಅಮೇರಿಕನ್ ಪಂಡಿತನು. ಮಿನ್ನೆಸೋಟಾ ಪ್ರಾಂತದ ಸಣ್ಣ ಕೆರೆಯೊಂದರಲ್ಲಿ ಸೂರ್ಯನ ಶಕ್ತಿಯು ಪಾಚಿಯಿಂದ ಹುಳಕ್ಕೆ, ಹುಳದಿಂದ ಮೀನಿಗೆ ಹೇಗೆ ಹರಿಯುವದೆಂಬದನ್ನು ಆತನು ಬರೆದನು. ಆ ಲೇಖನವು 1942ರಲ್ಲಿ ಅಚ್ಚಾಗುವ ಮೊದಲೇ ಆತನು ತೀರಿಕೊಂಡನು. ಆತನ ಹಾದಿಯನ್ನು ಮುಂದುವರಿಸಿದವರಲ್ಲಿ ಹೋವರ್ಡ್ ಓಡಮ್ (1924–2002) ಮುಖ್ಯನು. ಫ್ಲಾರಿಡಾ ಪ್ರಾಂತದ ಸಿಲ್ವರ್ ಸ್ಪ್ರಿಂಗ್ಸ್ ಎಂಬ ತಿಳಿನೀರಿನ ಊಟೆಯನ್ನು ಆತನು ಅಳೆದು 1957ರಲ್ಲಿ ಲೆಕ್ಕವನ್ನು ಪ್ರಕಟಿಸಿದನು. ಒಂದು ಚದರ ಮೀಟರು ಜಾಗದಲ್ಲಿ ಒಂದು ವರ್ಷಕ್ಕೆ ಸಸ್ಯಗಳು ಹಿಡಿದ ಶಕ್ತಿ 20,810 ಕಿಲೋಕ್ಯಾಲರಿ. ಸಸ್ಯ ತಿನ್ನುವ ಪ್ರಾಣಿಗಳ ಪಾಲಿಗೆ ಬಂದದ್ದು 3,368. ಅವುಗಳನ್ನು ತಿನ್ನುವ ಪ್ರಾಣಿಗಳಿಗೆ 383. ಎಲ್ಲಕ್ಕೂ ಮೇಲಿನ ದೊಡ್ಡ ಮೀನು ಮೊದಲಾದವುಗಳಿಗೆ ಬರಿಯ 21. ನಮ್ಮ ಗದ್ದೆಯಲ್ಲಿ ಮಿಡತೆಗಳು ಅಸಂಖ್ಯವಾಗಿಯೂ ಕಪ್ಪೆಗಳು ಅದಕ್ಕಿಂತ ಕಡಿಮೆಯಾಗಿಯೂ ಹಾವುಗಳು ಎಲ್ಲಿಯೋ ಒಂದೊಂದಾಗಿಯೂ ಇರುವದಕ್ಕೆ ಮುಖ್ಯ ಕಾರಣ ಇದೇ. ಪ್ರತಿಯೊಂದು ಮೆಟ್ಟಿಲಿನಲ್ಲಿ ದಲಾಲಿ ಕಳೆದು ಉಳಿದದ್ದರಲ್ಲಿ ಮೇಲಿನವರು ಬದುಕಬೇಕು.

ಓಡಮ್ಮನು ಊಟೆಯ ಬಳಿಯಲ್ಲಿಯೇ ನಿಲ್ಲಲಿಲ್ಲ. ಕಾಡು, ಹೊಲ, ಪಟ್ಟಣ, ಕಾರಖಾನೆಗಳನ್ನೂ ಇದೇ ರೀತಿಯಾಗಿ ಚಿತ್ರಿಸಬಹುದೆಂದು 1971ರಲ್ಲಿ ಪ್ರಕಟವಾದ ಗ್ರಂಥದಲ್ಲಿ ತೋರಿಸಿದನು. ಎಲ್ಲಿಂದ ಶಕ್ತಿ ಬರುವದು, ಎಲ್ಲಿ ಕೂಡಿಡಲ್ಪಡುವದು, ಯಾರು ಅದನ್ನು ಬದಲಿಸುವರು, ಎಲ್ಲಿ ಚದರಿ ಹೋಗುವದು ಎಂಬದಕ್ಕೆ ಒಂದೊಂದು ಗುರುತನ್ನು ಗೊತ್ತುಮಾಡಿ, ಇಡೀ ಊರನ್ನು ಒಂದೇ ಹಾಳೆಯ ಮೇಲೆ ಬರೆಯುವ ಪದ್ಧತಿಯನ್ನು ಕಲ್ಪಿಸಿದನು. ಬಿಡಿಬಿಡಿಯಾಗಿ ನೋಡಿದರೆ ಕಾಣದ ಸಂಬಂಧಗಳು ಆ ಹಾಳೆಯಲ್ಲಿ ಕಾಣುವವು. ಇದಕ್ಕೇ ಸಮಗ್ರ ದೃಷ್ಟಿಯೆಂದು ಹೆಸರು.

ನಮ್ಮ ಸೀಮೆಯಿಂದಲೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಮಲಪ್ರಭೆಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಖಾನಾಪುರವನ್ನು ಹಾಯ್ದು, ಸವದತ್ತಿಯ ಹತ್ತಿರ ನವಿಲುತೀರ್ಥದ ಅಣೆಕಟ್ಟಿನಲ್ಲಿ ತಂಗಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವಳು. ಈ ನೀರನ್ನು ಸಹ್ಯಾದ್ರಿಯ ನೆತ್ತಿಗೆ ಹೊತ್ತವರು ಯಾರು? ಸೂರ್ಯನು ಅರಬ್ಬೀ ಸಮುದ್ರದ ನೀರನ್ನು ಆವಿಮಾಡಿ ಎತ್ತಿದನು. ಗಾಳಿಯು ಅದನ್ನು ಹೊತ್ತು ತಂದಿತು. ಘಟ್ಟವು ತಡೆದು ಇಳಿಸಿಕೊಂಡಿತು. ಕಾಡಿನ ಎಲೆಗೊಬ್ಬರವೂ ಬೇರುಗಳೂ ಅದನ್ನು ಹಿಡಿದಿಟ್ಟು ಬೇಸಗೆಯವರೆಗೆ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಟ್ಟವು. ಇಷ್ಟು ದೊಡ್ಡ ಕೆಲಸಕ್ಕೆ ನಮಗೆ ಯಾರೂ ಬಿಲ್ಲು ಕಳಿಸಲಿಲ್ಲ. ಆದದರಿಂದ ಕಾಡು ಕಡಿದಾಗ ಕಟ್ಟಿಗೆಯ ಬೆಲೆಯನ್ನು ಬರೆಯುತ್ತೇವೆ, ಹೋದ ಕೆಲಸವನ್ನು ಬರೆಯುವದಿಲ್ಲ. ಇನ್ನು ಬಾವಿಯಿಂದ ಅಡಿಗೆಮನೆಯವರೆಗಿನ ಕಡೆಯ ದಾರಿಯನ್ನು ನೋಡಿರಿ. ನಳವಿಲ್ಲದ ಮನೆಯಲ್ಲಿ ಆ ನೀರನ್ನು ಹೊರುವವಳು ಹೆಣ್ಣುಮಗಳು. ಅವಳ ಕೆಲಸಕ್ಕೂ ಬಿಲ್ಲಿಲ್ಲ. ಆದದರಿಂದ ಅದನ್ನೂ ನಾವು ಬರೆಯುವದಿಲ್ಲ.

ಎರಡನೆಯ ಉದಾಹರಣೆ. ಖಾನಾಪುರದ ಮಣ್ಣು ಕುಂಬಾರಿಕೆಗೆ ಹೆಸರಾದದ್ದು. ಗ್ರಾಮೀಣ ಕುಂಬಾರಿಕೆಯನ್ನು ಕಲಿಸುವ ಕೇಂದ್ರಸಂಸ್ಥೆಯನ್ನು ಖಾದಿ ಮಂಡಲಿಯು ಇಟ್ಟದ್ದೂ ಅಲ್ಲಿಯೇ. ಆ ಮಣ್ಣಿನ ಒಂದು ಗಡಿಗೆಯನ್ನು ಮುಟ್ಟಿ ನೋಡಿದರೆ ಅದು ತಣ್ಣಗಿರುವದು. ಆದರೆ ಮಣ್ಣು ಅಗೆದವನ ತೋಳು, ತಿಗರಿ ತಿರುಗಿಸಿದವನ ದಿನ, ಆವಿಗೆಯಲ್ಲಿ ಉರಿದ ಸೌದೆ, ಸೌದೆ ಬೆಳೆಯಲು ಬಿದ್ದ ವರ್ಷಗಳ ಬಿಸಿಲು, ಇಷ್ಟೂ ಅದಕ್ಕಾಗಿ ಖರ್ಚಾಗಿವೆ. ಒಂದು ವಸ್ತುವು ಆಗುವದಕ್ಕೆ ಹಿಂದಿನಿಂದ ಖರ್ಚಾದ ಶಕ್ತಿಯನ್ನೆಲ್ಲ ಬಿಸಿಲಿನ ಲೆಕ್ಕಕ್ಕೆ ಇಳಿಸಿ ಕೂಡಿಸಿದರೆ ಬರುವ ಮೊತ್ತಕ್ಕೆ ಓಡಮ್ಮನ ಪಂಥದವರು 1980ರ ದಶಕದಿಂದ ‘ಎಮರ್ಜಿ’ ಎಂದು ಹೆಸರಿಟ್ಟಿದ್ದಾರೆ. ಅದನ್ನು ಶಕ್ತಿಯ ನೆನಪು ಎನ್ನಬಹುದು. ಗಡಿಗೆ ಒಡೆದಾಗ ಹೋಗುವದು ಮಣ್ಣಷ್ಟೇ ಅಲ್ಲವೆಂದು ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು. ಅವರು ಬೈಯುತ್ತಿದ್ದದ್ದು ಸುಮ್ಮನೆ ಅಲ್ಲ.

ಈಗ ಒಲೆಯ ಬಳಿಗೆ ಬರೋಣ. ಒಬ್ಬರ ಸ್ನಾನಕ್ಕೆ ಹತ್ತು ಲೀಟರು ನೀರನ್ನು 25 ಡಿಗ್ರಿಯಿಂದ 55 ಡಿಗ್ರಿಗೆ ಕಾಯಿಸಬೇಕೆಂದು ತಿಳಿಯಿರಿ. ಹತ್ತನ್ನು ಮೂವತ್ತರಿಂದ ಗುಣಿಸಿದರೆ 300 ಕಿಲೋಕ್ಯಾಲರಿ. ಒಣಗಿದ ಕಟ್ಟಿಗೆಯ ಒಂದು ಕಿಲೋಗ್ರಾಮಿನಲ್ಲಿ ಸುಮಾರು 4,000 ಕಿಲೋಕ್ಯಾಲರಿ ಇರುವದರಿಂದ, ಏನೂ ನಷ್ಟವಾಗದಿದ್ದರೆ 75 ಗ್ರಾಂ ಕಟ್ಟಿಗೆ ಸಾಕು, ಅಂದರೆ ಒಂದು ಹಿಡಿ ಚಿಪ್ಪು. ಆದರೆ ಮೂರು ಕಲ್ಲಿನ ಒಲೆಯಲ್ಲಿ ಹತ್ತು ಪಾಲಿನಲ್ಲಿ ಸುಮಾರು ಒಂದು ಪಾಲು ಮಾತ್ರ ಪಾತ್ರೆಗೆ ಮುಟ್ಟುವದು. ಉಳಿದದ್ದು ಗಾಳಿಗೂ ಗೋಡೆಗೂ ಹೊಗೆಗೂ ಹೋಗುವದು. ಹೀಗಿರಲಾಗಿ 75 ಗ್ರಾಮಿನ ಕೆಲಸಕ್ಕೆ ಮುಕ್ಕಾಲು ಕಿಲೋ ಬೇಕಾಗುವದು. ಐದು ಜನರ ಮನೆಗೆ ಸ್ನಾನಕ್ಕೆಂದೇ ದಿನಕ್ಕೆ ನಾಲ್ಕು ಕಿಲೋದ ಹತ್ತಿರ. ಆ ಹೊರೆಯ ಬಹುಪಾಲನ್ನು ಗಾಳಿಗಾಗಿಯೇ ಹೊತ್ತು ತಂದಂತಾಯಿತು. ಹೊಗೆಯಂತೂ ಪುಕ್ಕಟೆಯಾಗಿ ಚದರುವದಿಲ್ಲ. ಊದುವವಳ ಕಣ್ಣನ್ನೂ ಪುಪ್ಪುಸವನ್ನೂ ಕೆಡಿಸಿ ಹೋಗುವದು.

ಇನ್ನೊಂದು ಲೆಕ್ಕವನ್ನು ಗಮನವಿಟ್ಟು ಓದಿರಿ. ಬೆಳೆಯುವ ಹುಡುಗಿಯೊಬ್ಬಳಿಗೆ ದಿನಕ್ಕೆ ಸುಮಾರು 2,000 ಕಿಲೋಕ್ಯಾಲರಿಯ ಊಟ ಬೇಕೆಂದು ಹಿಡಿಯೋಣ. ಅದು ಅರ್ಧ ಕಿಲೋ ಕಟ್ಟಿಗೆಯಲ್ಲಿರುವಷ್ಟೇ ಶಕ್ತಿ! ಅಂಕಿಯಲ್ಲಿ ಎರಡೂ ಸಮ. ಆದರೆ ಅರ್ಧ ಕಿಲೋ ಕಟ್ಟಿಗೆಯು ತಮ್ಮನನ್ನು ಎತ್ತಿಕೊಳ್ಳಲಾರದು, ಪಾಠವನ್ನು ಬಾಯಿಪಾಠ ಮಾಡಲಾರದು, ನಾಳೆ ಒಬ್ಬ ದಾದಿಯಾಗಿ ರೋಗಿಯ ನಾಡಿ ಹಿಡಿಯಲಾರದು. ಆದದರಿಂದ ಶಕ್ತಿಯಲ್ಲಿ ಮೊತ್ತವಷ್ಟೇ ಅಲ್ಲ, ಮಟ್ಟವೂ ಉಂಟೆಂದು ಓಡಮ್ಮನು ಒತ್ತಿ ಹೇಳಿದನು. ಬಿಸಿಲಿಗಿಂತ ಕಟ್ಟಿಗೆಯು ಮೇಲಿನ ಮಟ್ಟದ್ದು, ಕಟ್ಟಿಗೆಗಿಂತ ವಿದ್ಯುತ್ತು, ಅದಕ್ಕಿಂತಲೂ ಕಲಿತ ಮನುಷ್ಯರ ದುಡಿಮೆ. ಮೇಲಿನ ಮಟ್ಟದ್ದನ್ನು ಕೆಳಗಿನ ಮಟ್ಟದ ಕೆಲಸಕ್ಕೆ ಸುರಿಯುವದು ದೊಡ್ಡ ನಷ್ಟ. ಬುದ್ಧಿಯುಳ್ಳ ಹುಡುಗಿಯ ಮುಂಜಾನೆಯನ್ನು ಒಲೆಯ ಬಾಯಿಗೆ ಹಾಕುವದು ಅಂಥ ನಷ್ಟವೇ ಸರಿ.

ಇಂಥ ಲೆಕ್ಕವನ್ನು ನಮ್ಮ ಕನ್ನಡ ನಾಡಿನ ಹಳ್ಳಿಯಲ್ಲಿಯೇ ಮಾಡಿದವರುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುದ್ರಸಾಯನದ ಪಂಡಿತರಾಗಿದ್ದ ಅಮೂಲ್ಯ ರೆಡ್ಡಿಯವರು (1930–2006) 1974ರಲ್ಲಿ ಸಹೋದ್ಯೋಗಿಗಳೊಡನೆ ‘ಅಸ್ತ್ರ’ ಎಂಬ ಶಾಖೆಯನ್ನು ತೆರೆದರು. ವಿಜ್ಞಾನವನ್ನು ಹಳ್ಳಿಗಳಿಗೆ ಮುಟ್ಟಿಸುವದು ಅದರ ಉದ್ದೇಶ. ಅವರ ಸಂಗಡಿಗರು ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಪುರ ಮೊದಲಾದ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಎಷ್ಟು ಕಟ್ಟಿಗೆ ಉರಿಯಿತು, ಯಾರು ತಂದರು, ಎಷ್ಟು ಹೊತ್ತು ಹಿಡಿಯಿತು ಎಂಬದನ್ನೆಲ್ಲ ಬರೆದುಕೊಂಡರು. ಪಟ್ಟಣದವರು ಹಳ್ಳಿಯ ಶಕ್ತಿಯೆಂದರೆ ವಿದ್ಯುತ್ತು, ಪಂಪುಸೆಟ್ಟು ಎಂದು ತಿಳಿದಿದ್ದರು. ಲೆಕ್ಕವು ಬೇರೆಯನ್ನೇ ಹೇಳಿತು. ಹಳ್ಳಿಯ ಶಕ್ತಿಯಲ್ಲಿ ಹತ್ತಕ್ಕೆ ಎಂಟು ಪಾಲಿಗೂ ಮೀರಿ ಕಟ್ಟಿಗೆ. ವಿದ್ಯುತ್ತು ನೂರಕ್ಕೆ ಒಂದರ ಸುಮಾರು. ಖರ್ಚಿನ ಬಹುಭಾಗವು ಹೊಲದಲ್ಲಿ ಅಲ್ಲ, ಅಡಿಗೆಮನೆಯಲ್ಲಿಯೇ ಆಗುತ್ತಿತ್ತು. ಆ ಕಟ್ಟಿಗೆಯಲ್ಲಿ ಹೆಚ್ಚಿನದು ಕೊಂಡದ್ದಲ್ಲ, ಆರಿಸಿ ತಂದ ಪುರಳೆ. ಆದದರಿಂದ ಹಣದ ಲೆಕ್ಕದಲ್ಲಿ ಅದು ಕಂಡಿರಲೇ ಇಲ್ಲ.

ಮನುಷ್ಯರ ದುಡಿಮೆಯಾದರೋ ಆ ಪಟ್ಟಿಯಲ್ಲಿ ನೂರಕ್ಕೆ ಏಳರ ಸುಮಾರು ಮಾತ್ರ. ಕಿಲೋಕ್ಯಾಲರಿಯನ್ನಷ್ಟೇ ನೋಡುವವರು ಇದನ್ನು ಅಲ್ಪವೆಂದು ದಾಟಿ ಹೋಗುವರು. ಆದರೆ 1982ರಲ್ಲಿ ಶ್ರೀಲತಾ ಬಾಟ್ಲಿವಾಲಾ ಎಂಬವರು ಇದೇ ಹಳ್ಳಿಗಳ ಲೆಕ್ಕವನ್ನು ತೆರೆದು, ಈ ದುಡಿಮೆ ಯಾರದೆಂದು ಕೇಳಿದರು. ಹೆಂಗಸರದು ನೂರಕ್ಕೆ 53, ಗಂಡಸರದು 31, ಮಕ್ಕಳದು 16 ಎಂದು ಉತ್ತರ ಬಂತು. ಅರ್ಧಕ್ಕಿಂತ ಹೆಚ್ಚು ಹೊರೆ ಹೊತ್ತವಳು ಎಲ್ಲರ ಕಡೆಗೆ ಉಣ್ಣುವವಳೂ ಆಗಿರುವಾಗ, ಅವಳ ತಾಟಿಗೆ ಅನ್ನ ಹೆಚ್ಚಿಸುವದರ ಜೊತೆಗೆ ಅವಳ ತಲೆಯ ಹೊರೆಯನ್ನು ಇಳಿಸುವದೂ ಪೌಷ್ಟಿಕತೆಯ ಉಪಾಯವೇ ಎಂದು ಅವರು ವಾದಿಸಿದರು. ಖರ್ಚು ಕಡಿಮೆಯಾದರೂ ಶಿಲ್ಕು ಹೆಚ್ಚುವದೆಂಬದು ಯಾವ ಗೃಹಿಣಿಗೆ ತಿಳಿಯದು?

ಅಸ್ತ್ರದವರು ಲೆಕ್ಕ ಬರೆದು ಸುಮ್ಮನಾಗಲಿಲ್ಲ. ಹತ್ತಕ್ಕೆ ಮೂರು ಪಾಲಿಗೂ ಮೀರಿ ಶಾಖವನ್ನು ಪಾತ್ರೆಗೆ ಮುಟ್ಟಿಸಿ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ ಅಸ್ತ್ರ ಒಲೆಯನ್ನು ಕಟ್ಟಿದರು. ಪುರದಲ್ಲಿ ಊರಿಗೆಲ್ಲ ಸೇರಿ ಗೋಬರ್ ಗ್ಯಾಸಿನ ಸ್ಥಾವರವನ್ನೂ ಕಟ್ಟಿದರು. ಅಡಿಗೆಗೆ ಗ್ಯಾಸು ಕೊಡಬೇಕೆಂಬದು ಅವರ ಮೊದಲಿನ ವಿಚಾರ. ಆದರೆ ಊರಿನ ದನಗಳ ಸಗಣಿಯು ಎಲ್ಲ ಒಲೆಗಳಿಗೆ ಸಾಲಲಿಲ್ಲ. ಊರವರಿಗೆ ಮೊದಲು ಬೇಕಾಗಿದ್ದದ್ದೂ ಶುದ್ಧವಾದ ಕುಡಿಯುವ ನೀರು. ಆಗ ಅವರು ತಮ್ಮ ವಿಚಾರವನ್ನು ಬಿಟ್ಟು, ಅದೇ ಗ್ಯಾಸಿನಿಂದ ಯಂತ್ರ ನಡೆಸಿ, 1987ರಿಂದ ಕೊಳವೆಬಾವಿಯ ನೀರನ್ನು ಎತ್ತಿ ನಳಗಳಿಗೆ ಕೊಟ್ಟರು, ಮನೆಗಳಲ್ಲಿ ದೀಪ ಹಚ್ಚಿದರು. ಆ ಏರ್ಪಾಡು ಕೆಲವು ವರ್ಷ ನಡೆದು 1990ರ ದಶಕದಲ್ಲಿ ನಿಂತು ಹೋಯಿತು. ಆದರೂ ಅದು ಕಲಿಸಿದ ಪಾಠವು ನಿಂತಿಲ್ಲ. ಬಳಸುವವರನ್ನು ಕೇಳದೆ ಬರೆದ ಲೆಕ್ಕವು, ಎಷ್ಟೇ ದೊಡ್ಡ ಪಂಡಿತರದಾದರೂ, ಅರ್ಧ ಲೆಕ್ಕವೇ.

ಇನ್ನು ನಮ್ಮ ವಿದ್ಯಾರ್ಥಿನಿಯ ಸಂಗತಿ. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ಇಯತ್ತೆಯಲ್ಲಿ ಖಾನಾಪುರದ ಕಡೆಯ ಹಳ್ಳಿಯಿಂದ ಬರುವ ಒಬ್ಬ ಹುಡುಗಿಯಿದ್ದಳು. ವಾರಕ್ಕೆ ಮೂರು ದಿನ ತಡವಾಗಿ ಬರುವಳು. ಬಂದರೆ ಗಣಿತದ ತಾಸಿನಲ್ಲಿ ತೂಕಡಿಸುವಳು. ಆಕೆಯ ಪ್ರಗತಿಪತ್ರದಲ್ಲಿ ‘ಆಲಸ್ಯ ಹೆಚ್ಚು’ ಎಂದು ನಾವು ನಮ್ಮ ಕೈಯಾರೆ ಬರೆದೆವು. ಆ ಅವಧಿಯಲ್ಲಿಯೇ ಶಕ್ತಿಯ ಪಾಠಕ್ಕೆಂದು ಒಂದು ಕೆಲಸವನ್ನು ವರ್ಗಕ್ಕೆ ಕೊಟ್ಟೆವು. ಏಳು ದಿನ ಮನೆಯಲ್ಲಿ ನಡೆಯುವ ಕೆಲಸಗಳನ್ನು ಬರೆಯಬೇಕು: ಯಾವ ಕೆಲಸ, ಶಕ್ತಿ ಯಾವದರಿಂದ ಬಂತು, ಯಾರು ಮಾಡಿದರು, ಎಷ್ಟು ಹೊತ್ತು, ಎಷ್ಟು ರೂಪಾಯಿ.

ಆಕೆಯ ಹಾಳೆ ನಮ್ಮ ಮುಂದೆ ಬಂತು. ನೀರು, ಕಟ್ಟಿಗೆ, ಎಮ್ಮೆಯ ಸಗಣಿ, ಸ್ನಾನದ ಒಲೆ, ರೊಟ್ಟಿ, ತಮ್ಮನ ಡಬ್ಬಿ. ‘ಯಾರು’ ಎಂಬ ಅಂಕಣದಲ್ಲಿ ಒಂದರ ಕೆಳಗೆ ಒಂದು ‘ನಾನು’, ‘ಅವ್ವ’, ‘ನಾನು’, ‘ನಾನು’ ಎಂದಿತ್ತು. ಮೊದಲನೆಯ ಸಾಲು ಮುಂಜಾನೆ ನಾಲ್ಕೂವರೆಗೆ ಪ್ರಾರಂಭವಾಗಿತ್ತು. ರೂಪಾಯಿಯ ಅಂಕಣವು ಮಾತ್ರ ಮೇಲಿನಿಂದ ಕೆಳಗಿನವರೆಗೆ ಖಾಲಿಯಿತ್ತು. ಅದನ್ನೇಕೆ ತುಂಬಿಸಲಿಲ್ಲವೆಂದು ನಾವು ತುಸು ಬಿರುಸಾಗಿಯೇ ಕೇಳಿದೆವು.

“ಇದಕ್ಕ ರೊಕ್ಕಾ ಇಲ್ಲರಿ ಅಕ್ಕೋರ. ಅದಕ್ಕ ಖಾಲಿ ಬಿಟ್ಟೀನ್ರಿ,” ಎಂದಳು.

ಇಪ್ಪತ್ತು ವರ್ಷ ಪಾಠ ಹೇಳಿದ ಬಳಿಕ ಅಂದು ನಮಗೆ ಆ ಪಾಠವು ತಿಳಿಯಿತು. ಪ್ರಗತಿಪತ್ರದ ಶಬ್ದಗಳನ್ನು ಹೊಡೆದುಹಾಕಿ ಕೆಳಗೆ ಸಹಿ ಮಾಡಿದೆವು. ತಂದೆಯನ್ನು ಕರೆಸಿದೆವು. ಅವರು ಕೆಟ್ಟವರಲ್ಲ. “ಮನ್ಯಾಗ ಆಕಿ ಏನ್ ಮಾಡ್ತಾಳ್ರೀ, ಅವ್ವಗ ಚೂರು ಕೈಗೂಡಸ್ತಾಳ, ಅಷ್ಟ,” ಎಂದರು. ಮಗಳ ಹಾಳೆಯನ್ನು ಅವರ ಕೈಗೆ ಕೊಟ್ಟೆವು. ಓದಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ಗ್ಯಾಸಿನ ಸಿಲಿಂಡರು ಮನೆಗೆ ಬಂದಿದ್ದರೂ ಬೀಗರು ಬಂದಾಗ ಇರಲೆಂದು ಮೂಲೆಯಲ್ಲಿಟ್ಟಿದ್ದರೆಂದು ಆಮೇಲೆ ಅವರೇ ಹೇಳಿದರು. ಆ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹೋದರು. ಮುಂದಿನ ತಿಂಗಳಿನಿಂದ ಮುಂಜಾನೆಯ ನೀರು ತಮ್ಮನ ಪಾಲಿಗೆ ಬಂತು, ಚಹಾ-ರೊಟ್ಟಿ ಗ್ಯಾಸಿನ ಮೇಲೆ ಆದವು, ಹುಡುಗಿಗೆ ಒಂದು ತಾಸು ಉಳಿಯಿತು. ಆ ತಾಸಿನಿಂದಲೇ ಆಕೆ ಹತ್ತನೆಯ ಪರೀಕ್ಷೆಯನ್ನು ದಾಟಿದಳೆಂದು ನಾವು ನಂಬಿದ್ದೇವೆ.

ಆದರೆ ಅದೇ ಕಟ್ಟಿನಲ್ಲಿ ಅಂಥದೇ ಇನ್ನೊಂದು ಹಾಳೆಯಿತ್ತು. ಆ ಮನೆಗೂ ಹೋಗಬೇಕೆಂದು ಅಂದುಕೊಂಡೆವು; ಪರೀಕ್ಷೆ, ತಪಾಸಣೆ ಎಂದು ದಿನ ತಳ್ಳಿದೆವು. ದೀಪಾವಳಿಯ ಸೂಟಿಯ ತರುವಾಯ ಆ ಹುಡುಗಿ ಶಾಲೆಗೆ ಮರಳಿ ಬರಲಿಲ್ಲ. ಆಕೆಯ ಹಾಳೆಯು ಇಂದಿಗೂ ನಮ್ಮ ಮೇಜಿನ ಖಾನೆಯಲ್ಲಿದೆ. ಲೆಕ್ಕವನ್ನು ಬರೆಯಿಸಿಕೊಂಡು ಓದದೆ ಇಟ್ಟವರು, ಬರೆಯದವರಿಗಿಂತ ಹೆಚ್ಚು ತಪ್ಪಿತಸ್ಥರೆಂದು ಅದು ನಮಗೆ ಹೇಳುತ್ತಿರುವದು.

ಈ ಪದ್ಧತಿಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎಲ್ಲವನ್ನೂ ಬಿಸಿಲಿನ ಒಂದೇ ಮಾಪಿಗೆ ಇಳಿಸುವ ಓಡಮ್ಮನ ಲೆಕ್ಕವನ್ನು ಎಲ್ಲ ಪಂಡಿತರೂ ಒಪ್ಪಿಲ್ಲ. ಅದರಲ್ಲಿ ಊಹೆಗಳು ಹೆಚ್ಚೆಂದೂ ಮನುಷ್ಯರ ಇಷ್ಟಾನಿಷ್ಟಗಳಿಗೆ ಸ್ಥಳವಿಲ್ಲವೆಂದೂ ಅರ್ಥಶಾಸ್ತ್ರಜ್ಞರು ಆಕ್ಷೇಪಿಸಿದ್ದಾರೆ. ಅದು ನಿಜವೇ. ತಾಯಿಯ ಆರೈಕೆಯನ್ನು ಕಿಲೋಕ್ಯಾಲರಿಯಿಂದ ಅಳೆಯಲಾಗದು. ಆದರೆ ಆ ಆರೈಕೆಗೆ ಬೇಕಾದ ಸಮಯವನ್ನೂ ಬಲವನ್ನೂ ಯಾವದು ತಿಂದು ಹಾಕುತ್ತಿದೆಯೆಂದು ಅಳೆಯಬಹುದು. ಲೆಕ್ಕಕ್ಕೆ ಅಷ್ಟು ಕೆಲಸವನ್ನು ಕೊಟ್ಟರೆ ಸಾಕು.

ಆದದರಿಂದ ಈ ಸಂಚಿಕೆಯನ್ನು ಓದುವ ಪ್ರತಿಯೊಂದು ಮನೆಯವರಲ್ಲಿ ನಮ್ಮದೊಂದು ಬಿನ್ನಹ. ಏಳು ದಿನ ನಿಮ್ಮ ಮನೆಯ ಹಾಳೆಯನ್ನು ಬರೆಯಿರಿ. ಕೆಲಸ, ಶಕ್ತಿಯ ಮೂಲ, ಮಾಡಿದವರು, ಹಿಡಿದ ಹೊತ್ತು, ಈ ನಾಲ್ಕು ಅಂಕಣಗಳು ಸಾಕು. ಗಂಡಸರೂ ಗಂಡುಮಕ್ಕಳೂ ಕುಳಿತು ಬರೆಯಲಿ. ಬಳಿಕ ಎಲ್ಲಿ ಸೋರುವದೆಂದು ನೋಡಿರಿ. ಪಾತ್ರೆಗೆ ಮುಚ್ಚಳ, ಒಣಗಿದ ಕಟ್ಟಿಗೆ, ರಾತ್ರಿ ನೆನೆಯಿಟ್ಟ ಕಾಳು, ಇವು ಖರ್ಚಿಲ್ಲದ ಸುಧಾರಣೆಗಳು. 2016ರಿಂದ ಉಜ್ವಲಾ ಯೋಜನೆಯಿಂದ ಎಷ್ಟೋ ಬಡಮನೆಗಳಿಗೆ ಗ್ಯಾಸು ಬಂದಿದೆ. ಅನೇಕ ಹಳ್ಳಿಗಳಲ್ಲಿ ನಳವೂ ಬಂದಿದೆ. ಇವುಗಳಿಂದ ಉಳಿದ ತಾಸು ಯಾರ ಪಾಲಿಗೆ ಹೋಯಿತೆಂಬದನ್ನೂ ಹಾಳೆಯಲ್ಲಿ ಬರೆಯಿರಿ. ಮಗಳಿಗೆ ಆ ತಾಸು ಸಿಗದೆ ಹೊಸದೊಂದು ಮನೆಗೆಲಸಕ್ಕೆ ಹೋಗಿದ್ದರೆ, ಸಿಲಿಂಡರು ಬಂದರೂ ಶಕ್ತಿ ಉಳಿದಂತಾಗಲಿಲ್ಲ.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ಸ್ವತಃ ಶಿಕ್ಷಕಿಯರು, ದಾದಿಯರು, ತಾಯಂದಿರು. ತಡವಾಗಿ ಬಂದ ಹುಡುಗಿಯನ್ನು ಬೈಯುವ ಮೊದಲು ಆಕೆಯ ಮುಂಜಾನೆಯ ಲೆಕ್ಕವನ್ನು ಕೇಳಿರಿ. ನಾವು ಕೇಳದೆ ಬರೆದ ಎರಡು ಶಬ್ದಗಳನ್ನು ಹೊಡೆದುಹಾಕಲು ನಮಗೆ ಅವಕಾಶ ದೊರೆಯಿತು. ಎಲ್ಲ ಸಲವೂ ಅದು ದೊರೆಯುವದಿಲ್ಲ.